ಅಕ್ಕ ಹತ್ತಿದ ರೆಕ್ಕೆಯ ಕುದುರೆ

ಬೇಕಾದ ಸೀರೆಯನ್ನು ಮೊದಲು ಮುಟ್ಟಬಾರದು. ಇಳಕಲ್ಲಿನ ನೇಕಾರರ ಪಡಸಾಲೆಯಲ್ಲಿ ಕಾಲು ಮಡಚಿ ಕೂತು, ಕೈ ಸುಟ್ಟುಕೊಂಡು ನಾನು ಕಲಿತ ಮೊದಲ ಪಾಠ ಇದು. ಸೀರೆಗಳನ್ನು ಒಂದರ ಮೇಲೊಂದು ಹರವುತ್ತ ಹೋಗುತ್ತಾರೆ. ಮನಸ್ಸು ದಾಳಿಂಬೆ ಬಣ್ಣದ್ದರ ಮೇಲೆ ಬಿದ್ದಿದ್ದರೆ ಕೈ ಹೋಗಬೇಕಾದದ್ದು ಅದರ ಪಕ್ಕದ ಹಸಿರಿನ ಮೇಲೆ. ಹಸಿರನ್ನು ಮಡಿಲಿಗೆ ಎಳೆದುಕೊಂಡು, ಸೆರಗು ತಿರುವಿ ಹಾಕಿ, ಬೆನ್ನ ಕಡೆಯ ದಾರದ ಗಂಟು ನೋಡಿ, ದರಕ್ಕಾಗಿ ಸಾಕಷ್ಟು ಹೊತ್ತು ಗುದ್ದಾಡಿ, ಬಗೆಹರಿಯದೆ ಎದ್ದು ಚಪ್ಪಲಿ ಮೆಟ್ಟುವಾಗ ಹಿಂತಿರುಗಿ ನೋಡಿ, "ಹೋಗ್ಲಿ ಬಿಡ್ರಿ, ಆ ಕೆಂಪಂದು ಯಾರೂ ಒಯ್ಯವಲ್ಲರು ಕಾಣತೈತಿ, ಅದನ್ನರ ಕಟ್ಟಿಕೊಡ್ರಿ" ಅನ್ನಬೇಕು. ನೀವು ಸೀರೆಯನ್ನಲ್ಲ, ಎತ್ತನ್ನೋ, ಹಳೆಯ ಬಾಗಿಲನ್ನೋ, ಕಡೆಗೆ ಒಂದು ಬುಟ್ಟಿ ಬದನೆಕಾಯಿಯನ್ನೋ ಕೊಳ್ಳುವವರಾದರೂ ಈ ಮಾತನ್ನು ಸೆರಗಿಗೆ ಗಂಟು ಹಾಕಿಕೊಳ್ಳಿ. ಮನಸ್ಸು ಇರುವ ಕಡೆ ಕಣ್ಣು ಹೋಗಬಾರದು, ಕಣ್ಣು ಹೋದ ಕಡೆ ಕೈ ಹೋಗಬಾರದು. ಬಗಲಲ್ಲಿ ಸೀರೆಗಂಟು ಇಟ್ಟುಕೊಂಡು ಬಸ್ಸಿನಿಂದ ಬಸ್ಸಿಗೆ ಹತ್ತಿಳಿಯುತ್ತಿದ್ದ ನಾನು ಕುಷ್ಟಗಿಯಲ್ಲಿ ಸ್ವಂತ ಅಂಗಡಿಯ ಷಟರ್ ಎತ್ತುವಂತಾದದ್ದು ಇಷ್ಟೇ ವಿದ್ಯೆಯಿಂದ.

ಆದರೆ ಈ ವಿದ್ಯೆ ನನ್ನ ಅಕ್ಕ ಶಾಂತಾಳ ಮುಂದೆ ಹೇಗೆ ಬೆತ್ತಲಾಯಿತು ಎಂಬುದನ್ನು ಹೇಳಬೇಕಾದರೆ ಮೊದಲು ನಮ್ಮ ಕುದುರೆಯ ಸಂಗತಿ ಹೇಳಬೇಕು.

ನಮ್ಮ ತವರು ಬೇವೂರು. ಹೊಸ ಶತಮಾನ ಆಗತಾನೆ ಕಣ್ಣು ಬಿಟ್ಟಿತ್ತು. ನಾವಿಬ್ಬರೂ ಪರಕಾರ ತೊಡುವ ವಯಸ್ಸಿನ ಹುಡುಗಿಯರು. ಬೇಸಿಗೆ ರಜೆಗೆ ಗಂಗಾವತಿಯ ಸೋದರಮಾವನ ಮನೆಗೆ ಹೋದಾಗ ಮಾವ ಒಂದು ಇಂಗ್ಲಿಷ್ ಸಿನಿಮಾಕ್ಕೆ ಕರೆದುಕೊಂಡು ಹೋಗಿದ್ದ. ಅದು ಬಂದದ್ದು ತೆಲುಗಿನಲ್ಲಿ. ಆಂಧ್ರದವರು ಬಂದು ನೆಲೆಸಿದ ಆ ಕಾಲುವೆ ಸೀಮೆಯಲ್ಲಿ ತೆಲುಗು ಬಾರದವರೆಂದರೆ ಆ ಟಾಕೀಸಿನಲ್ಲಿ ನಾವಿಬ್ಬರೇ ಇದ್ದೆವೇನೋ. ಆದರೇನು, ಬಿಳಿಯ ಕುದುರೆ ರೆಕ್ಕೆ ಬಿಚ್ಚಿ ಒಬ್ಬ ಹುಡುಗಿಯನ್ನೂ ಅವಳ ತಮ್ಮನನ್ನೂ ಬೆನ್ನ ಮೇಲೆ ಕೂರಿಸಿಕೊಂಡು ಮೋಡದೊಳಗಿನ ಕೋಟೆಗೆ ಹಾರುವುದು ತಿಳಿಯಲು ಯಾವ ಭಾಷೆಯ ಹಂಗು ಬೇಕು? ಊರಿಗೆ ಮರಳಿದ ಮೇಲೆ ಪಡಸಾಲೆಯಲ್ಲಿ ಒಟ್ಟಿದ್ದ ಹತ್ತಿಯ ಅಂಡಿಗೆಯೇ ನಮ್ಮ ಕುದುರೆಯಾಯಿತು. ಮಾರಾಟಕ್ಕೆ ಕಾದು ಕೂತ ಆ ದೊಡ್ಡ ಚೀಲದ ಹೊಲಿಗೆಯ ಸಂದಿನಿಂದ ಹತ್ತಿ ಇಣುಕುತ್ತಿತ್ತು, ಅದೇ ಮೋಡ. ಶಾಂತಕ್ಕ ದೊಡ್ಡವಳಾದ್ದರಿಂದ ಮುಂದೆ ಕೂರುತ್ತಿದ್ದಳು, ಅವಳ ಸೊಂಟ ಹಿಡಿದು ನಾನು ಹಿಂದೆ. "ಅಗೋ ಕ್ವಾಟಿ ಬಂತು! ಅಗೋ ಸಮುದ್ರ!" ಎಂದು ಅವಳು ಕೂಗುತ್ತಿದ್ದಳು. ನನಗೆ ಕಾಣುತ್ತಿದ್ದುದು ಅವಳ ಜಡೆ, ಜಡೆಯ ತುದಿಯ ಕೆಂಪು ರಿಬ್ಬನ್ನು. ಒಂದು ಇಡೀ ಆಕಾಶವನ್ನು ಒಂದು ಜಡೆ ಮರೆಮಾಡಬಲ್ಲದು ಎಂಬುದು ಹಿಂದೆ ಕೂತವರಿಗೆ ಮಾತ್ರ ಗೊತ್ತು. "ನಾ ಮುಂದ ಕುಂದರ್ತೀನಿ" ಎಂದು ಅತ್ತರೆ, "ಆ ಹುಡುಗಿ ಮುಂದ ಕುಂತಿದ್ಲು, ತಮ್ಮ ಹಿಂದ. ನೀ ತಮ್ಮ" ಎಂದು ಅವ್ವನ ಹತ್ತಿರವೂ ನ್ಯಾಯ ಗೆಲ್ಲುತ್ತಿದ್ದಳು.

ಅಂಡಿಗೆ ಮಾರಿಹೋಯಿತು, ನಾವು ಬೆಳೆದೆವು, ಅವಳನ್ನು ಯಲಬುರ್ಗಾದ ಬೀಜ-ಗೊಬ್ಬರದ ಅಂಗಡಿಯವರಿಗೆ ಕೊಟ್ಟರು. ಅಲ್ಲಿಗೆ ಮುಗಿಯಬೇಕಿದ್ದ ಕತೆ ಇದು. ಆದರೆ ನಮ್ಮ ಸೀಮೆಯ ಗೊಬ್ಬರದಂಗಡಿಯವರ ಭಾಗ್ಯ ನಿಮಗೆ ಗೊತ್ತಿರಲಿಕ್ಕಿಲ್ಲ. ಹಂಗಾಮು ಚೆನ್ನಾಗಿ ನಡೆದರೆ ಕಂಪನಿಯವರು ತಾವೇ ವಿಮಾನ ಹತ್ತಿಸಿ ಪರದೇಶ ತೋರಿಸುತ್ತಾರೆ. ಮೈಸೂರು ಕಾಣದೆ ಬ್ಯಾಂಕಾಕು ಕಂಡವರು, ಸಮುದ್ರವೆಂದರೆ ದುಬೈಯದು ಎಂದು ತಿಳಿದವರು, ನಮ್ಮ ಯಲಬುರ್ಗಾ ಕುಷ್ಟಗಿಗಳ ಗೊಬ್ಬರದಂಗಡಿಗಳಲ್ಲಿ ಬೇಕಾದಷ್ಟು ಸಿಗುತ್ತಾರೆ. ಆ ವರ್ಷ ಕಂಪನಿಯವರು ಹೆಂಡಂದಿರನ್ನೂ ಕರೆದರು. ಹೋಗುವುದು ಇಂಗ್ಲೆಂಡಿಗೆ ಎಂದರು.

ಶಾಂತಕ್ಕನ ಫೋನು ಬಂದಾಗ ನಾನು ಗಿರಾಕಿ ಹರವಿ ಹೋದ ಸೀರೆಗಳನ್ನು ಮಡಚುತ್ತಿದ್ದೆ.

"ಗಿರಿಜಿ, ಅಲ್ಲಿ ಒಂದ ದಿನ ನಮಗ ಬಿಟ್ಟಾರ, ಬೇಕಾದ್ದು ನೋಡ್ರಿ ಅಂತ. ಎರಡು ಜಾಗ ಅದಾವಂತ, ಎರಡೂ ನಮ್ಮ ಕುದುರಿ ಸಿನಿಮಾದ್ದ! ಒಂದು ಆ ಸಿನಿಮಾ ತೆಗದ ಸ್ಟುಡಿಯೋ, ಕ್ವಾಟಿ, ಅವ್ರು ಉಟ್ಟ ಅರಬಿ, ಎಲ್ಲಾ ಹಂಗ ಇಟ್ಟಾರಂತ, ಅಡ್ಡಾಡಿ ನೋಡೂದು. ಇನ್ನೊಂದು ಆಟದ ಪಾರ್ಕು, ಕುದುರಿ ಮ್ಯಾಲೆ ಕುಂತು ಹಾರೂದು. ಒಂದಕ್ಕಷ್ಟ ಹೋಗಾಕ ಬರತೈತಿ. ಸಂಜಿಯೊಳಗ ಹೇಳಬೇಕು. ನಿನಗ ತಿಳೀತೈತಿ, ಹೇಳು."

'ನಮ್ಮ ಕುದುರೆ' ಎಂದಳಲ್ಲ, ಆ 'ನಮ್ಮ' ಎಂಬುದು ಹಸಿ ಗಾಯದ ಮೇಲೆ ಉಪ್ಪಿನಂತೆ ಬಿತ್ತು. ಕುದುರೆ ನಮ್ಮದು, ಹತ್ತುವವಳು ಅವಳು.

ಪುಸ್ತಕದವರು ಇದನ್ನು ಅಸೂಯೆ ಅನ್ನುತ್ತಾರೆ, ಮತ್ಸರ ಅನ್ನುತ್ತಾರೆ; ಗಂಧ ತೇಯ್ದಂತೆ ತಣ್ಣಗಿನ ಪದಗಳು. ನಮ್ಮಲ್ಲಿ ಅದು ಹೊಟ್ಟೆಕಿಚ್ಚು: ಒಲೆ ಇರುವ ಜಾಗವನ್ನೂ ಸೇರಿಸಿ ಹೇಳುವ ಮಾತು. ಈ ಒಲೆಯ ಸ್ವಭಾವವನ್ನು ನಾನು ಬಲ್ಲೆ. ಅದಕ್ಕೆ ದೂರದ ಕಟ್ಟಿಗೆ ಹತ್ತುವುದಿಲ್ಲ. ವಿಮಾನವನ್ನೇ ಕೊಂಡ ಶ್ರೀಮಂತನ ಸುದ್ದಿ ಓದುತ್ತ ನಾನು ನೆಮ್ಮದಿಯಾಗಿ ಚಹಾ ಕುಡಿಯಬಲ್ಲೆ. ಅದೇ, ಒಂದೇ ಸೋಪಿನಲ್ಲಿ ಮುಖ ತೊಳೆದ, ಒಂದೇ ಕೌದಿಯಲ್ಲಿ ಮಲಗಿದ ಅಕ್ಕ ವಿಮಾನದ ಕಿಟಕಿಯ ಬಳಿ ಕೂರುತ್ತಾಳೆಂದರೆ ಬಾಯಿಯ ಚಹಾ ಕಹಿಯಾಗುತ್ತದೆ. ಮತ್ತೊಂದು: ಪರರ ಸುಖವನ್ನು ಹೊಟ್ಟೆಕಿಚ್ಚಿನವರಷ್ಟು ಕರಾರುವಾಕ್ಕಾಗಿ ಅಳೆಯಬಲ್ಲವರು ಇನ್ನಿಲ್ಲ. ಶಾಂತಕ್ಕನಿಗೆ ಆ ಪ್ರಯಾಣ ಒಂದು ಮೋಜು. ಅದರ ನಿಜವಾದ ಬೆಲೆ ಗೊತ್ತಿದ್ದವಳು ಹೋಗದೇ ಉಳಿದ ನಾನು. ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಆ ಪಾರ್ಕಿನ ಆಟವನ್ನು ನಾನು ಎಷ್ಟೋ ದಿನಗಳಿಂದ ಫೋನಿನಲ್ಲಿ ನೋಡುತ್ತಿದ್ದೆ. ಯಾರೋ ಮುಂದಿನ ಸೀಟಿನಲ್ಲಿ ಕೂತು ತೆಗೆದ ವಿಡಿಯೊ ಅದು. ಮುಂದೆ ಯಾವ ಜಡೆಯೂ ಇರಲಿಲ್ಲ. ಮೋಡ ಸೀಳಿಕೊಂಡು ಕೋಟೆ ನೇರ ಎದೆಯ ಮೇಲೇ ಬರುತ್ತಿತ್ತು. ಎಂದಾದರೊಂದು ದಿನ ಅದರ ಮುಂದಿನ ಸೀಟು ನನ್ನದು ಎಂದು ಯಾರಿಗೂ ಹೇಳದೆ ಕಾಯ್ದಿರಿಸಿಕೊಂಡಿದ್ದೆ. ಅಲ್ಲಿಗೂ ಅವಳೇ ಮೊದಲು ಹೋಗಿ ಕೂರುವುದೆಂದರೆ?

"ಸ್ಟುಡಿಯೋಕ್ಕ ಹೋಗು" ಎಂದೆ. "ಪಾರ್ಕಿನ್ಯಾಗ ಏನೈತಿ ಸುಡುಗಾಡು. ನಮ್ಮ ಉರುಸಿನ ತೊಟ್ಟಿಲಕ್ಕ ಇಂಜಿನ್ ಹಚ್ಚಿ ಕುದುರಿ ಮಾರಿ ಬಡದಾರ, ಅಷ್ಟ. ಕುಷ್ಟಗಿ ಬಸ್ಸಿನ್ಯಾಗ ಕುಂತ್ರ ವಾಂತಿ ಮಾಡ್ಕೊಳ್ಳಾಕಿ ನೀ, ಅದನ್ನ ಹತ್ತಿ ಪರದೇಶದಾಗ ಮಾನ ಕಳಿತೀ ಏನು? ಅರ್ಧ ದಿನ ಸರದಿಯೊಳಗ ನಿಂದ್ರೂದು, ಚಣದಾಗ ಇಳಿಯೂದು. ಹುಡುಗ್ರ ಆಟ ಅದು. ಥೂ!"

ಅತ್ತ ಕಡೆಯಿಂದ "ಭಾಳ ತೆಗಳಾಕತ್ತೀಯಲ್ಲ" ಎಂದು ನಕ್ಕು ಫೋನು ಇಟ್ಟಳು.

ಗೆಳೆಯರೇ, ಇಲ್ಲಿ ನನ್ನ ತೊಡಕನ್ನು ಗಮನಿಸಿ. ನಾನು ಕೊಟ್ಟದ್ದು ಕೆಟ್ಟ ಸಲಹೆಯಲ್ಲ. ಇಂದಿಗೂ, ನಿಮ್ಮಲ್ಲಿ ಯಾರಿಗಾದರೂ ಅಂಥ ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವ ಭಾಗ್ಯ ಬಂದರೆ ಇದನ್ನೇ ಹೇಳುತ್ತೇನೆ: ಮಕ್ಕಳಿದ್ದರೆ, ತಲೆ ಗಟ್ಟಿಯಿದ್ದರೆ ಪಾರ್ಕಿಗೆ ಹೋಗಿ, ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ನಿಂತಿರಿ, ಹೊಟ್ಟೆ ತುಂಬ ತಿನ್ನಬೇಡಿ. ಸಿನಿಮಾ ನೋಡಿ ಒಮ್ಮೆಯಾದರೂ ಕಣ್ಣೀರು ಹಾಕಿದ್ದರೆ ಸ್ಟುಡಿಯೋಕ್ಕೆ ಹೋಗಿ. ಮೆತ್ತನೆಯ ಚಪ್ಪಲಿ ಹಾಕಿಕೊಳ್ಳಿ, ಕೋಟೆಯ ಮುಖಕ್ಕಿಂತ ಬೆನ್ನನ್ನು ಹೆಚ್ಚು ಹೊತ್ತು ನೋಡಿ, ಸೆರಗಿನ ಗಂಟುಗಳಂತೆ ನೇಯ್ದವರ ಕೈ ಅಲ್ಲಿ ಕಾಣುತ್ತದೆ. ಬಸ್ಸಿನ ವಾಸನೆಗೇ ತಲೆ ಸುತ್ತುವ ಹೆಂಗಸಿಗೆ ಇದಕ್ಕಿಂತ ಹಿತವಾದದ್ದನ್ನು ಯಾವ ವೈದ್ಯನೂ ಹೇಳಲಾರ. ಆದರೆ ಅದೇ ಮಾತು ನನ್ನ ಕಿಚ್ಚಿಗೂ ಹಿತವಾಗಿತ್ತಲ್ಲ! ಸುಳ್ಳು ಹೇಳಿ ಹೊಟ್ಟೆ ತಣಿಸಿಕೊಂಡವರು ತಮ್ಮನ್ನು ತಾವು ಬಲ್ಲರು. ನಿಜವನ್ನೇ ಹೇಳಿ ಹೊಟ್ಟೆ ತಣಿಸಿಕೊಂಡವಳು ಏನು ಮಾಡಬೇಕು? ಆಡಿದ್ದು ಪ್ರೀತಿಯೋ, ಅದರ ಸೀರೆಯನ್ನು ಎರವಲು ಉಟ್ಟುಬಂದ ಇನ್ನೊಬ್ಬಳೋ?

ಅಷ್ಟರಲ್ಲಿ ಗಂಗಾವತಿ ಕಡೆಯ ಒಬ್ಬ ಹೆಂಗಸು ಅಂಗಡಿಗೆ ಬಂದು ಕೂತಳು. ಹಳದಿಯನ್ನು ಎಳೆದಳು, ನೀಲಿಯನ್ನು ಹೊಗಳಿದಳು, ನೇರಳೆಯತ್ತ ಮಾತ್ರ ಮೂಗು ಮುರಿದು, "ಇದೇನ್ರಿ ಯವ್ವಾ, ಸೋರಿದ ಬಣ್ಣ ಇದ್ದಂಗ ಐತಿ" ಎಂದಳು. ನಾನು ಮನಸ್ಸಿನಲ್ಲೇ ನಕ್ಕು ನೇರಳೆಯನ್ನು ಕಟ್ಟಲು ಚೀಲ ಹುಡುಕಿದೆ. ತೆಗಳಿದ್ದೇ ಬೇಕಾದದ್ದು ಎಂಬುದು ಗಲ್ಲಾಪೆಟ್ಟಿಗೆಯ ಮುಂದೆ ಕೂತವಳಿಗೆ ಎಷ್ಟು ನಿಚ್ಚಳವಾಗಿ ಕಾಣುತ್ತದೆ! ಚೀಲ ಕೈಯಲ್ಲಿರುವಾಗಲೇ ಅಕ್ಕನ ನಗು ನೆನಪಾಗಿ ಕಿವಿ ಬಿಸಿಯಾಯಿತು. ಆ ಹೆಂಗಸನ್ನು ಕಳಿಸಿದವಳೇ ಫೋನು ಹಚ್ಚಿದೆ.

"ಶಾಂತಕ್ಕ, ಪಾರ್ಕಿಗೇ ಹೋಗು. ನಿಂಬಿಹಣ್ಣು ಕೈಯಾಗ ಹಿಡ್ಕೊ, ಮುಂದಿನ ಸೀಟಿನ್ಯಾಗ ಕುಂದ್ರು."

"ಯವ್ವಾ, ನಮ್ಮವ್ರು ಆಗಲೇ ಸ್ಟುಡಿಯೋ ಅಂತ ಹೇಳಿಬಿಟ್ಟಾರ. ಇರ್ಲಿ ಬಿಡು, ನಿನ್ನ ಮಾತ ಖರೇ ಐತಿ, ನನಗ ತಲಿ ಸುತ್ತತೈತಿ."

ಹಾಗೆ ನನ್ನ ಸಲಹೆ ಗೆದ್ದಿತು. ಗೆದ್ದ ಸಲಹೆ ಅಷ್ಟು ರುಚಿಗೆಟ್ಟದ್ದಾಗಿರಬಲ್ಲದೆಂದು ನನಗೆ ಗೊತ್ತಿರಲಿಲ್ಲ.

ಅವಳು ಮರಳಿದ ವಾರ ಯಲಬುರ್ಗಾದ ಬಸ್ಸು ಹತ್ತಿದೆ. ಹೊಲಗಳಲ್ಲಿ ಕಡಲೆ ಹೂ ಬಿಟ್ಟಿತ್ತು. ಜಮಖಾನೆ ಹಾಸಿ, ನನ್ನನ್ನು ಕೂರಿಸಿ, ತಂದದ್ದನ್ನೆಲ್ಲ ಮುಂದೆ ಹರವುತ್ತ ಕತೆ ಶುರುಮಾಡಿದಳು: ಕೋಟೆಯ ಹಿಂದೆಲ್ಲ ಬರೀ ಹಲಗೆ ಮತ್ತು ಮೊಳೆ, ಸಮುದ್ರವೆಂದರೆ ಒಂದು ತೊಟ್ಟಿ, ರಾಣಿಯ ನಿಲುವಂಗಿ ಸೀರೆಯಷ್ಟುದ್ದ, ಆದರೆ ಅದರ ಅಂಚು ನನ್ನ ಅಂಗಡಿಯ ಸೀರೆಗಳದಕ್ಕಿಂತ ಕಳಪೆ. ನಾನು ಒಳಗೊಳಗೇ ಹಗುರಾಗುತ್ತಿದ್ದೆ. ಆಗ ಅವಳು ದನಿ ತಗ್ಗಿಸಿ ಅಂದಳು:

"ಕಡೀ ಕೋಣಿಯೊಳಗ ಕುದುರಿ ಇತ್ತು, ಗಿರಿಜಿ. ಖರೇ ಕುದುರಿ. ಸಿನಿಮಾದಾಗ ಹುಡುಗ್ರು ಕುಂತಿದ್ರಲ್ಲ, ಅದ ಕಟ್ಟಿಗಿ ಕುದುರಿ, ಎರಡು ಸೀಟಿಂದು. ಹಸರು ಪರದೆ ಮುಂದ ನಿಲ್ಲಿಸ್ಯಾರ. ಬಂದವ್ರನ್ನ ಅದರ ಮ್ಯಾಲೆ ಕುಂದ್ರಿಸಿ ಫೋಟೊ ತಗೀತಾರ. ಫೋಟೊದಾಗ ನೋಡಿದ್ರ ಮೋಡದಾಗ ಹಾರಿದಂಗ!"

ನನ್ನ ಒಲೆ ಭಗ್ಗೆಂದಿತು. ಪಾರ್ಕಿನಲ್ಲಿದ್ದುದು ಕುದುರೆಯ ಮುಖವಾಡದ ಗಾಡಿ. ಅದನ್ನು ಕಾಯಲು ಹೋಗಿ ನಾನೇ ಕೈಹಿಡಿದು ಅವಳನ್ನು ಅಸಲು ಕುದುರೆಯ ಬೆನ್ನಿಗೆ ಹತ್ತಿಸಿದ್ದೆ! ಚೌಕಾಸಿಯಲ್ಲಿ ಇಷ್ಟು ದೊಡ್ಡ ಪೆಟ್ಟು ನಾನು ತಿಂದಿರಲಿಲ್ಲ.

ಭಾವ ಬಾಗಿಲಲ್ಲಿ ನಿಂತು ನಗುತ್ತಿದ್ದರು. "ಕೇಳಬ್ಯಾಡ್ರಿ ನಿಮ್ಮಕ್ಕನ ಹುಚ್ಚು. ಫೋಟೊದಾಂವ ಮುಂದ ಸರೀರಿ, ಮುಂದ ಸರೀರಿ ಅಂತ ಕೈ ಮಾಡಿ ಮಾಡಿ ಸಾಕಾದ. ಈಕಿ ಹಿಂದಿನ ಸೀಟು ಬಿಡವಲ್ಲಳು. ಹಿಂದ ನಿಂತ ಮಂದಿಯೆಲ್ಲಾ ನಕ್ಕರು."

ನಾನು ಶಾಂತಕ್ಕನತ್ತ ನೋಡಿದೆ. ಅವಳು ಜಮಖಾನೆಯ ಅಂಚು ನೇವರಿಸುತ್ತ, "ನೀ ಪಾರ್ಕು ತೆಗಳಿದ ದಿನಾನ ನನಗ ಗೊತ್ತಾತು, ಅದು ನಿನಗ ಎಷ್ಟು ಬೇಕಾಗಿತ್ತಂತ. ಸಣ್ಣಾಕಿ ಇದ್ದಾಗಿಂದ ಹಂಗ ನೀ. ಹೋಳಿಗಿ ಬೇಕಾದ್ರ ಹಪ್ಪಳ ಕೇಳಾಕಿ. ಅದಕ್ಕ ನಮ್ಮವ್ರ ಕಡಿಂದ ಸ್ಟುಡಿಯೋ ಅಂತ ಹೇಳಿಸಿ ಪಾರ್ಕು ಬಿಟ್ಟೀನಿ, ಅದು ನಿಂದು, ನೀನ ಮೊದಲು ಹೋಗು" ಎಂದಳು. ಸ್ವಲ್ಪ ತಡೆದು, "ಅಲ್ಲಲೇ, ಹಿಂದ ಕುಂತ್ರ ಏನೂ ಕಾಣೂದ ಇಲ್ಲ! ಎರಡೂ ಕಡಿ ರೆಕ್ಕಿ ಅಡ್ಡ ಬರ್ತಾವ, ಮುಂದ ಬರೀ ಕುದುರಿ ಕುತ್ತಿಗಿ. ಅಷ್ಟು ದಿನ ಹೆಂಗ ಕುಂತಿದ್ದಿ?" ಎಂದಳು.

ನಾನು ಜಮಖಾನೆಯ ಮೇಲಿನ ಸಾಮಾನುಗಳತ್ತ ಕಣ್ಣು ತಿರುಗಿಸಿದೆ.

"ಯಾವುದು ಬೇಕೋ ತಗೋ" ಎಂದು ಅವಳು ಹರವಿದ್ದನ್ನು ತೋರಿಸಿದಳು. ಚಾಕೊಲೇಟಿನ ಡಬ್ಬಿ, ಉಣ್ಣೆಯ ಶಾಲು, ಗೊಂಬೆ ಕುದುರೆ, ಅಂಚಿನಲ್ಲಿ ಆ ಫೋಟೊ. ವರ್ಷಗಟ್ಟಲೆಯ ರೂಢಿಯ ಕೈ ಚಾಕೊಲೇಟಿನತ್ತ ಹೊರಟಿತು. ಮುಟ್ಟಿ, ತಿರುವಿ, ಬೇಡವೆಂದು, ಕಡೆಗೆ ಏಳುವಾಗ 'ಇದನ್ನರ ಕೊಡು' ಎನ್ನುವುದು ಅದರ ಲೆಕ್ಕಾಚಾರ. ಶಾಂತಕ್ಕ ಆ ಕೈಯನ್ನೇ ನೋಡುತ್ತ ತುಟಿ ಬಿಗಿಹಿಡಿದಿದ್ದಳು. ಅರ್ಧ ದಾರಿಯಲ್ಲಿ ನನಗೇ ನಾಚಿಕೆಯಾಗಿ ಕೈಯನ್ನು ತಿರುಗಿಸಿ ನೇರ ಫೋಟೊದ ಮೇಲೆ ಇಟ್ಟೆ.

"ಇದು ಬೇಕು" ಎಂದೆ.

ಈಗ ಅದು ನನ್ನ ಅಂಗಡಿಯಲ್ಲಿ ಸೀರೆಗಳ ಹಲಗೆಯ ಮೇಲೆ ನಿಂತಿದೆ. ಮೋಡಗಳ ನಡುವೆ ಬಿಳಿಯ ಕುದುರೆ, ಖಾಲಿಯಾದ ಮುಂದಿನ ಸೀಟು, ಅದರ ಹಿಂದೆ ಒಂದು ಕೈಯಲ್ಲಿ ನಿಂಬೆಹಣ್ಣು ಹಿಡಿದು, ಇನ್ನೊಂದು ಕೈಯಲ್ಲಿ ಇಲ್ಲದವಳ ಸೊಂಟ ಹಿಡಿದಂತೆ ಕೂತ ನನ್ನ ಅಕ್ಕ. ಗಿರಾಕಿಗಳು ಕೇಳುತ್ತಾರೆ, "ಮುಂದ ಯಾರೂ ಇಲ್ಲಲ್ರಿ?" "ಅದು ನನ್ನ ಜಾಗಾರಿ" ಎನ್ನುತ್ತೇನೆ. ಅವರು ಹೋದ ಮೇಲೆ ಫೋಟೊದ ಧೂಳು ಒರೆಸುವಾಗ ಒಲೆ ಇನ್ನೂ ಸಣ್ಣಗೆ ಉರಿಯುತ್ತದೆ. ಹಿಂದಿನ ಸೀಟಿನಲ್ಲೂ ಅವಳು ನನಗಿಂತ ಚೆನ್ನಾಗಿ ಕೂತಿದ್ದಾಳೆ.