ಹಿತ್ತಲಲ್ಲಿಟ್ಟ ಲಸಿಕೆ

ಅಕ್ಕನ ಜೊತೆ ನಾನು ಮಾತು ಬಿಟ್ಟು ಎರಡು ವರ್ಷವಾಯಿತು. ನಡುವೆ ರಾಜಿ ಮಾಡಿಸಲು ಬಂದವರಿಗೆಲ್ಲ ಒಂದೇ ಉತ್ತರ ಕೊಟ್ಟಿದ್ದೇನೆ: ನನ್ನ ನಾಯಿಮರಿಯನ್ನು ಕೊಂದವಳು ಅವಳು. ಒಂದು ನಾಯಿಗೋಸ್ಕರ ಒಡಹುಟ್ಟಿದವಳನ್ನು ಬಿಡುತ್ತಾರಾ ಎಂದು ಕೇಳಿದವರ ಮನೆಗೂ ಹೋಗುವುದನ್ನು ನಿಲ್ಲಿಸಿದ್ದೇನೆ.

ನಾನು ಸೊರಬದಲ್ಲಿ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಮರಿ ಸಿಕ್ಕಿದ್ದು ನಮ್ಮ ಶಾಲೆಯ ಬಿಸಿಯೂಟದ ಕೋಣೆಯ ಹಿಂದೆ, ಸೌದೆ ರಾಶಿಯ ಸಂದಿಯಲ್ಲಿ. ಗಂಡು ಮರಿಗಳನ್ನು ಯಾರ‍್ಯಾರೋ ಒಯ್ದಿದ್ದರು. ಹೆಣ್ಣೆಂಬ ಕಾರಣಕ್ಕೆ ಉಳಿದಿದ್ದ ಇದನ್ನು ನಾನು ಟವೆಲ್ಲಿನಲ್ಲಿ ಸುತ್ತಿ ಮನೆಗೆ ತಂದೆ. ನನ್ನ ಹೆಂಡತಿ ಮೊದಲು ಮೂಗು ಮುರಿದಳು. ಮೂರನೇ ದಿನಕ್ಕೆ ಅದು ಅವಳ ಸೀರೆಯ ನೆರಿಗೆ ಹಿಡಿದು ಅಡುಗೆಮನೆಯ ತುಂಬ ಓಡಾಡುತ್ತಿತ್ತು, ಅವಳು ನನಗಿಂತ ಮೊದಲು ಅದಕ್ಕೆ ಊಟ ಹಾಕುತ್ತಿದ್ದಳು.

ಪಶು ಆಸ್ಪತ್ರೆಯ ಡಾಕ್ಟರು ಹಲ್ಲು ನೋಡಿ ಎರಡು ತಿಂಗಳ ಮರಿ ಎಂದರು. ಜಂತುಹುಳಕ್ಕೆ ಔಷಧಿ ಕುಡಿಸಿದರು. ಹುಚ್ಚು ನಾಯಿ ರೋಗದ ಚುಚ್ಚುಮದ್ದು ತಮ್ಮಲ್ಲೇ ಇದೆ, ಅದಕ್ಕೆ ಇನ್ನೊಂದು ತಿಂಗಳು ಬಿಟ್ಟು ಬನ್ನಿ, ಆದರೆ ರಕ್ತಭೇದಿ ತರುವ ಪಾರ್ವೊ ರೋಗಕ್ಕೆ ಬೇರೆ ಲಸಿಕೆ ಇದೆ, ಅದನ್ನು ಹೊರಗಿನಿಂದ ತರಬೇಕು, ಮೊದಲು ಅದು ಆಗಲಿ ಎಂದರು. ಪಕ್ಕದ ಮನೆಯವನು ಕಾಂಪೌಂಡಿನ ಮೇಲೆ ಮೊಣಕೈ ಊರಿ ನಕ್ಕ.

"ನಾಟಿ ನಾಯಿಗೆ ಎಂಥ ಸೂಜಿ ಮೇಷ್ಟ್ರೇ? ಅವು ತಂಗಳನ್ನ ತಿಂದ್ಕಂಡೇ ಹತ್ತು ವರ್ಷ ಬದುಕ್ತಾವೆ."

ಬದುಕಿದ ನಾಯಿಗಳು ಮಾತ್ರ ಇಂಥವರ ಕಣ್ಣಿಗೆ ಬೀಳುತ್ತವೆ. ಪ್ರತಿ ಬೇಸಿಗೆ ಚರಂಡಿಯ ಪಕ್ಕ ಸತ್ತು ಬೀಳುವ ಮರಿಗಳನ್ನು ಕೋಲಿನಿಂದ ಆಚೆ ತಳ್ಳುವವರೂ ಇವರೇ, ಮರೆಯುವವರೂ ಇವರೇ. ಅವನಿಗೆ ಇಷ್ಟನ್ನೂ ಮುಖದ ಮೇಲೆ ಹೇಳಿದೆ.

ಆ ಭಾನುವಾರ ಶಿಕಾರಿಪುರದಲ್ಲಿ ಸಹೋದ್ಯೋಗಿಯ ಮಗಳ ಮದುವೆಯಿತ್ತು. ಲಸಿಕೆ ಸಿಗುವ ಅಂಗಡಿ ಅಲ್ಲೇ ಇತ್ತು, ಆದರೆ ಭಾನುವಾರ ಮಧ್ಯಾಹ್ನಕ್ಕೆ ಬಾಗಿಲು ಹಾಕುತ್ತಿತ್ತು. ಹಾಗಾಗಿ ಬೆಳಿಗ್ಗೆಯೇ ಕೊಂಡೆ. ಎರಡು ಪುಟ್ಟ ಗಾಜಿನ ಬಾಟಲಿ, ಒಂದರಲ್ಲಿ ಚಿಟಿಕೆಯಷ್ಟು ಪುಡಿ, ಇನ್ನೊಂದರಲ್ಲಿ ಅದನ್ನು ಕರಗಿಸುವ ನೀರು. ಸಂಜೆಯವರೆಗೆ ತಂಪು ತಪ್ಪಬಾರದು ಎಂದು ಅಂಗಡಿಯವನು ಎರಡು ಸಲ ಹೇಳಿದ. ಏಪ್ರಿಲ್ ತಿಂಗಳು, ಹತ್ತು ಗಂಟೆಗೇ ರಸ್ತೆಯ ಡಾಂಬರು ಮೆತ್ತಗಾಗುತ್ತಿತ್ತು. ನೇರ ಅಕ್ಕನ ಮನೆಗೆ ಹೋಗಿ, ಫ್ರಿಜ್‌ನಲ್ಲಿಡು ಎಂದು ಕೈಗೆ ಕೊಟ್ಟು, ಸಂಜೆ ಐಸು ತುಂಬಿ ಒಯ್ಯಲೆಂದು ತಂದಿದ್ದ ಖಾಲಿ ಥರ್ಮಾಸನ್ನೂ ಅಲ್ಲೇ ಬಿಟ್ಟು ಮದುವೆಗೆ ಹೋದೆ.

ಅಕ್ಕನ ಮನೆ ಕಿರಾಣಿ ವ್ಯಾಪಾರದ ಮನೆ. ಲಿಂಗಪೂಜೆ ಮುಗಿಯುವ ತನಕ ಅವಳು ತೊಟ್ಟು ನೀರು ಕುಡಿಯುವುದಿಲ್ಲ. ಅವಳ ಫ್ರಿಜ್‌ನಲ್ಲಿ ಪೂಜೆಯ ಹಾಲಿಗೆ ಒಂದು ಅಂತಸ್ತು, ಉಳಿದ ಸಾರಿಗೆ ಇನ್ನೊಂದು. ಆಗ ಮಗಳು ಬಾಣಂತನಕ್ಕೆ ಬಂದಿದ್ದಳು. ಒಳಗೆ ತೊಟ್ಟಿಲು, ಸಾಂಬ್ರಾಣಿ ಹೊಗೆ. ಚಪ್ಪಲಿ ಬಿಟ್ಟು, ಕಾಲು ತೊಳೆದು, ಆಮೇಲೆ ಮಾತಾಡು ಎನ್ನುವ ಕಟ್ಟುನಿಟ್ಟು.

ನಾಲ್ಕು ಗಂಟೆಗೆ ಹೋದಾಗ ಥರ್ಮಾಸ್ ಬಾಗಿಲಲ್ಲೇ ಸಿದ್ಧವಾಗಿತ್ತು, ತುಂಬ ಐಸು, ನಡುವೆ ಪ್ಲಾಸ್ಟಿಕ್ ಚೀಲದಲ್ಲಿ ಬಾಟಲಿಗಳು. ಮುಟ್ಟಿದರೆ ಬೆರಳು ಮರಗಟ್ಟುವಷ್ಟು ತಣ್ಣಗಿತ್ತು. ಶಿರಾಳಕೊಪ್ಪದಲ್ಲಿ ಬಸ್ಸು ನಿಂತಾಗಲೂ ಮುಚ್ಚಳ ತೆಗೆದು ನೋಡಿದೆ. ಮರುದಿನ ಬೆಳಿಗ್ಗೆ ಡಾಕ್ಟರು ಚುಚ್ಚಿದರು. ಮರಿ ಕುಂಯ್ ಎಂದಿತು, ಅಷ್ಟೆ. ಮೂರು ವಾರ ಬಿಟ್ಟು ಎರಡನೇ ಡೋಸು, ಅಲ್ಲಿಯವರೆಗೆ ಬೀದಿಗೆ ಬಿಡಬೇಡಿ ಎಂದರು. ಬಿಡಲಿಲ್ಲ.

ಮೂರು ವಾರ ತುಂಬಲು ಎರಡು ದಿನವಿರುವಾಗ ಮರಿ ಅನ್ನ ಬಿಟ್ಟಿತು. ಮಧ್ಯಾಹ್ನಕ್ಕೆ ನೊರೆನೊರೆ ವಾಂತಿ, ಸಂಜೆಗೆ ರಕ್ತ. ಆ ವಾಸನೆ ಒಮ್ಮೆ ಮೂಗಿಗೆ ಹೊಡೆದರೆ ಜನ್ಮಕ್ಕೂ ಮರೆಯುವಂಥದ್ದಲ್ಲ. ಡಾಕ್ಟರು ಡ್ರಿಪ್ ಹಾಕುತ್ತಾ ಕೇಳಿದರು:

"ಲಸಿಕೆ ಪೂರ್ತಿ ತಂಪಲ್ಲೇ ಇತ್ತಾ ಮೇಷ್ಟ್ರೇ?"

ಇತ್ತು ಎಂದೆ. ಆದರೂ ಹೊರಗೆ ಬಂದು ಅಕ್ಕನಿಗೆ ಫೋನು ಮಾಡಿದೆ.

"ತಂಪಲ್ಲೇ ಇಟ್ಟಿದ್ದೆ ಕಣೋ," ಎಂದಳು. "ಹಿತ್ತಲಾಗ, ನೀರಿನ ತೊಟ್ಟಿ ಪಕ್ಕ. ಒದ್ದೆ ಬಟ್ಟಿ ಸುತ್ತಿ ಬುಟ್ಟಿ ಮುಚ್ಚಿದ್ದೆ. ನೀ ಬರೋ ಮುಂಚೆ ಐಸಿನಾಗ ಹಾಕೀನಿ."

ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ, ಏಪ್ರಿಲ್ ಬಿಸಿಲಿನಲ್ಲಿ! ಆಸ್ಪತ್ರೆಯ ಅಂಗಳದಲ್ಲಿ ಎಮ್ಮೆ ಹಿಡಿದು ನಿಂತವರೆಲ್ಲ ತಿರುಗಿ ನೋಡುವಂತೆ ಕೂಗಾಡಿದೆ. ನಿನ್ನ ಮಡಿಗಿಷ್ಟು ಬೆಂಕಿ ಹಾಕ ಎಂದೆ. ನಾಯಿಯ ಔಷಧಿ ಇಟ್ಟರೆ ನಿನ್ನ ದೇವರ ಹಾಲು ಮೈಲಿಗೆಯಾಗುತ್ತದಾ ಎಂದೆ. ಅವಳು ಏನೋ ಹೇಳಲು ಹೊರಟಳು, ಫೋನು ಕತ್ತರಿಸಿದೆ.

ಮೊದಲ ಡೋಸಿಗೇ ಪೂರ್ತಿ ರಕ್ಷಣೆ ಬರುವುದಿಲ್ಲ, ಸರಿಯಾಗಿ ಇಟ್ಟಿದ್ದರೂ ರೋಗ ಬರುವ ಸಾಧ್ಯತೆ ಇತ್ತು, ಚಪ್ಪಲಿಯಲ್ಲೂ ಅಂಟಿಕೊಂಡು ಬರುತ್ತದೆ ಎಂದು ಡಾಕ್ಟರು ಸಮಾಧಾನ ಹೇಳಿದರು. ನನಗೆ ಆ ಸಮಾಧಾನ ಬೇಕಿರಲಿಲ್ಲ. ನನಗೆ ತಪ್ಪಿತಸ್ಥರು ಬೇಕಾಗಿದ್ದರು, ಸಿಕ್ಕಿದ್ದರು.

ಹೆಂಡತಿ ಮೂರು ದಿನ ಆ ಆಸ್ಪತ್ರೆಯ ಕಟ್ಟೆಯ ಮೇಲೆ ಮರಿಯನ್ನು ಮಡಿಲಲ್ಲಿಟ್ಟುಕೊಂಡು, ಇನ್ನೊಂದು ಕೈಯಲ್ಲಿ ಡ್ರಿಪ್ ಬಾಟಲಿ ಎತ್ತಿ ಹಿಡಿದು ಕೂತಳು. ನಾನು ಹಿಡಿಯುತ್ತೇನೆಂದರೂ ಕೊಡಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಮರಿ ತಲೆ ಎತ್ತಿ ಅವಳ ಹೆಬ್ಬೆರಳು ನೆಕ್ಕಿತು. ನಾವಿಬ್ಬರೂ ಬಚಾವಾಯಿತು ಎಂದುಕೊಂಡೆವು. ಹನ್ನೊಂದು ಗಂಟೆಗೆ ಸತ್ತಿತು.

ಸುಣ್ಣ ಹಾಕಿ ಆಳವಾಗಿ ಹೂತೆ. ಡಾಕ್ಟರು ಹೇಳಿದಂತೆ ಬ್ಲೀಚಿಂಗ್ ಪುಡಿಯ ನೀರಿನಲ್ಲಿ ನೆಲ ತೊಳೆದೆ, ಅದರ ಪ್ಲಾಸ್ಟಿಕ್ ತಟ್ಟೆ, ಮಲಗುತ್ತಿದ್ದ ಗೋಣಿಚೀಲ ಎಲ್ಲ ಸುಟ್ಟೆ. ಆಮೇಲೆ ನೆಂಟರಿಗೆಲ್ಲ ಫೋನು ಮಾಡಿ ಅಕ್ಕನ ಮಡಿಯ ಕಥೆ ಹೇಳಿದೆ. ಮದುವೆ ಮನೆಗಳಲ್ಲಿ ಹೇಳಿದೆ. ಕ್ಲಾಸಿನಲ್ಲಿ ಮೌಢ್ಯದ ಪಾಠಕ್ಕೆ ಉದಾಹರಣೆಯಾಗಿಯೂ ಹೇಳಿದೆ, ಹೆಸರು ಹೇಳದೆ.

ಬಾಣಂತನ ಮುಗಿದ ಮೇಲೆ ಅಕ್ಕ ಒಬ್ಬಳೇ ಬಸ್ಸು ಹತ್ತಿ ಬಂದಳು. ಹೆಂಡತಿ ಕಾಫಿ ಕೊಟ್ಟಳು. ನಾನು ಕೂತಲ್ಲಿಂದ ಏಳಲಿಲ್ಲ.

"ನನ್ನ ಮಡಿ ಸುದ್ದಿ ಊರ ತುಂಬ ಹೇಳಿಯಂತೆ," ಎಂದಳು ಅಕ್ಕ. "ಮಡಿ ಎಲ್ಲಿ ಬಂತೋ ಅದ್ರಾಗ? ಅವತ್ತು ಬಾಟ್ಲಿ ಕೊಡುವಾಗ ನೀ ಏನಂದೆ, ಅದನ್ನ ಹೇಳೀಯೇನು ಯಾರಿಗಾದ್ರೂ?"

ಹೇಳಿರಲಿಲ್ಲ. ಇಲ್ಲಿಯವರೆಗೆ ಬರೆದಿದ್ದರಲ್ಲೂ ಹೇಳಿಲ್ಲ.

ಅವತ್ತು ಕಾಲು ತೊಳೆಯದೆ ಒಳಗೆ ಹೋಗಿದ್ದಕ್ಕೆ ಅವಳು ನನ್ನನ್ನು ಗದರಿದ್ದಳು. ನನಗೆ ರೇಗಿತ್ತು. ಬಾಟಲಿಯನ್ನು ಅವಳ ಮುಖದ ಹತ್ತಿರ ಹಿಡಿದು ಅಲ್ಲಾಡಿಸಿ, "ಇದ್ರಲ್ಲಿ ಏನಿದೆ ಗೊತ್ತಾ? ನಾಯಿ ರೋಗಾನೇ ಇರೋದು. ಜೀವಂತ ರೋಗ. ಹುಷಾರು," ಎಂದಿದ್ದೆ. ಅವಳು ತೊಟ್ಟಿಲ ಕಡೆ ನೋಡಿದ್ದನ್ನು ನಾನು ಕಂಡಿದ್ದೆ. ಅದು ಬಲ ಕುಂದಿಸಿದ ರೋಗಾಣು, ಮನುಷ್ಯರಿಗೆ ಏನೂ ಆಗುವುದಿಲ್ಲ ಎಂದು ಎರಡು ಮಾತು ಸೇರಿಸಬಹುದಿತ್ತು. ದಿನವೂ ಮಕ್ಕಳಿಗೆ ಹೇಳಿಕೊಡುವ ಮಾತೇ ಅದು. ಅವಳು ಹೆದರಿದ್ದು ನೋಡಿ ನನಗೆ ಖುಷಿಯಾಗಿತ್ತು, ನಗುತ್ತಾ ಹೊರಟಿದ್ದೆ.

"ಕೂಸಿಗೆ ಹಾಕೋ ಔಷಧಿ ಅದೇ ಫ್ರಿಜ್‌ನಾಗಿತ್ತು," ಎಂದಳು ಅಕ್ಕ. "ಹದಿನೈದು ದಿನದ ಕೂಸು. ನಾ ಏನು ಮಾಡಬೇಕಿತ್ತು, ನೀನೇ ಹೇಳು."

ಬಾಗಿಲ ಬಳಿ ನಿಂತಿದ್ದ ಹೆಂಡತಿ ನನ್ನ ಕಡೆ ತಿರುಗಿದಳು.

"ಹಂಗಂದಿದ್ರೇನ್ರೀ?"

ಮೂರು ದಿನ ಡ್ರಿಪ್ ಬಾಟಲಿ ಎತ್ತಿ ಹಿಡಿದ ಕೈ ಅವಳದು. ಆ ಮುಖಕ್ಕೆ ಹೌದು ಎನ್ನುವ ಧೈರ್ಯ ನನಗೆ ಬರಲಿಲ್ಲ.

"ಇಲ್ಲ," ಎಂದೆ. "ಸುಳ್ಳು ಹೇಳ್ತಿದಾಳೆ."

ಅಕ್ಕ ಕಾಫಿ ಲೋಟ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು ಎದ್ದಳು. ಹೆಂಡತಿ ಅವಳನ್ನು ಗೇಟಿನವರೆಗೂ ಕಳಿಸಿಕೊಡಲಿಲ್ಲ, ನನ್ನ ಮಾತನ್ನೇ ನಂಬಿದಳು.