ಮೂರನೆಯ ಹಾಡಿನ ತಾಳ

ದುಬ್, ಟಿಕ್, ದುಬ್-ದುಬ್, ಟಿಕ್… ಪಕ್ಕದ ಮನೆಗೂ ನಮಗೂ ನಡುವಿನ ತಗಡಿನ ಬೇಲಿ ಆ ದಿನಗಳಲ್ಲಿ ಬೆಳಿಗ್ಗೆ ಹತ್ತರಿಂದಲೇ ಹೀಗೆ ನಡುಗುತ್ತಿತ್ತು. ಮೊನ್ನೆ ವಾಷಿಂಗ್ ಮೆಷಿನ್ ಬಟ್ಟೆ ಹಿಂಡುತ್ತ ಅದೇ ಸದ್ದು ಮಾಡಿದಾಗ, ಕಾಫಿ ಲೋಟ ಕೆಳಗಿಟ್ಟು ಬೇಲಿಯತ್ತ ನೋಡಿದೆ.

ನಾನು ಬ್ರಿಸ್ಬೇನ್ ಹೊರವಲಯದ ಸ್ಪ್ರಿಂಗ್‌ಫೀಲ್ಡ್ ಲೇಕ್ಸ್‌ನ ಮಗಳ ಮನೆಗೆ ಬಂದು ಆಗ ಎರಡು ವರ್ಷವಾಗಿತ್ತು. ಎರಡು ಸಾವಿರದ ಹದಿನೈದನೇ ಇಸವಿಯ ಆಸುಪಾಸು. ಪಕ್ಕದ ಮನೆಯವರು ಉತ್ತರ ಇಂಗ್ಲೆಂಡಿನವರು, ಅರವತ್ತು ದಾಟಿದ ಒಂಟಿ ಗಂಡಸು. ಎಪ್ಪತ್ತರ ದಶಕದ ಪಂಕ್ ಸಂಗೀತದ ಅಬ್ಬರ ಇಳಿದ ಮೇಲೆ ಕಪ್ಪು ಕೋಟು ತೊಟ್ಟು, ನಗದೆ ಹಾಡುವ ಬ್ಯಾಂಡುಗಳು ಹುಟ್ಟಿದವಲ್ಲ, ಅಂಥದೊಂದನ್ನು ಗೆಳೆಯರೊಡನೆ ಕಟ್ಟಿದ್ದರು. ಆಮೇಲೆ ಗಿಟಾರ್ ಬಿಟ್ಟು ಸಿಂಥಸೈಜರ್, ತಾನೇ ತಾಳ ಬಾರಿಸುವ ಡ್ರಮ್ ಮೆಷಿನ್ ಹಿಡಿದರು. ಎರಡು ಹಾಡು ರೇಡಿಯೋದಲ್ಲಿ ಬಂದವು. ನಂತರ ಯಾರಿಗೂ ಬೇಡವಾದರು. ಮದುವೆಯಾಗಿ ಆಸ್ಟ್ರೇಲಿಯಾಕ್ಕೆ ಬಂದರು, ಮದುವೆ ಮುರಿದ ಮೇಲೂ ಇಲ್ಲೇ ಉಳಿದರು. ಹಳೆಯ ಮೆಷಿನ್‌ಗಳ ಸದ್ದಿಗೆ ಈಗಿನವರು ಮತ್ತೆ ಮರುಳಾಗಿದ್ದರಿಂದ ಪರ್ತ್, ಅಡಿಲೇಡ್, ಬ್ರಿಸ್ಬೇನ್‌ಗಳಲ್ಲಿ ಒಂದೊಂದು ಷೋ ನಿಗದಿಯಾಗಿತ್ತು. ಮೂರೂ ಸರಿಹೋದರೆ ಹುಟ್ಟೂರಿನಲ್ಲೊಂದು. ಅಲ್ಲಿ ಅವರು ಹಾಡಿ ಮೂವತ್ತು ವರ್ಷವಾಗಿತ್ತು.

ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಮೊದಲು ಹೋದದ್ದು ಜಗಳಕ್ಕೇ. "ಅಮ್ಮಾ, ನೀನೇ ಹೋಗಿ ಹೇಳು. ನಿನ್ನ ಕಾನ್ವೆಂಟ್ ಇಂಗ್ಲಿಷ್‌ಗೆ ಅವ್ರು ಹೆದರ್ಕೊಂಡ್ಬಿಡ್ತಾರೆ" ಎಂದು ಮಗಳು ಅಟ್ಟಿದ್ದಳು. ಮೂರು ಸಲ ಬೆಲ್ ಒತ್ತಿದರೂ ಯಾರೂ ಬರಲಿಲ್ಲ. ಗರಾಜಿನ ಬಾಗಿಲು ತೆರೆದಿತ್ತು. ಸ್ಪೀಕರಿನ ಮರದ ಪೆಟ್ಟಿಗೆಗೆ ಅಂಗೈ ಒತ್ತಿಕೊಂಡು ಕಣ್ಣು ಮುಚ್ಚಿ ಹಾಡುತ್ತಿದ್ದರು. ನನ್ನನ್ನು ಕಂಡು ಬೆಚ್ಚಿದಾಗ ಅವರ ಕಣ್ಣು ಮೊದಲು ಹೋದದ್ದು ನನ್ನ ತುಟಿಗಳತ್ತ. ನಮ್ಮ ಅತ್ತೆಗೆ ಕಿವಿ ಹೋದಾಗ ಅವರೂ ಹಾಗೇ ನೋಡುತ್ತಿದ್ದರು…

ಮಾತಿಗೆ ಹಿಯರಿಂಗ್ ಏಡ್ ಸಾಕಾಗುತ್ತಿತ್ತು. ವೇದಿಕೆಯ ಮೇಲೆ ಅದು ಬರೀ ಭೋರ್ಗರೆಯುತ್ತಿತ್ತಂತೆ, ಅದಕ್ಕೇ ಅಲ್ಲಿ ತೆಗೆದಿಡುತ್ತಿದ್ದರು. ಷೋ ನಡೆಸುವವನಿಗೆ ಗೊತ್ತಿಲ್ಲ, ದಯವಿಟ್ಟು ಯಾರಿಗೂ ಹೇಳಬೇಡಿ ಲವ್, ಎಂದರು. ಲವ್ ಅಂತೆ! ಅವರ ಕಡೆ ಎಲ್ಲರನ್ನೂ ಹಾಗೇ ಕರೆಯುತ್ತಾರಂತೆ. ನಮ್ಮ ಕಾನ್ವೆಂಟಿನ ಸಿಸ್ಟರ್‌ಗಳು ಕೇಳಿದ್ದರೆ ಶಿಲುಬೆಯ ಗುರುತು ಮಾಡಿಕೊಳ್ಳುತ್ತಿದ್ದರು.

ಪರ್ತ್‌ನಲ್ಲಿ ಮೆಷಿನ್‌ಗಿಂತ ಮೊದಲೇ ಹಾಡು ಮುಗಿಸಿಬಿಟ್ಟರು. ಅಡಿಲೇಡ್‌ನದು ಹಲಗೆಯ ವೇದಿಕೆ. ಬೀಟ್ ಪಾದಕ್ಕೆ ತಾಕಿ ಹೇಗೋ ಪಾರಾದರು. ಬ್ರಿಸ್ಬೇನ್‌ನಲ್ಲಿ ಸಿಮೆಂಟಿನ ನೆಲ, ಪಾದಕ್ಕೆ ಏನೂ ತಾಕದು. ಇನ್ನೊಮ್ಮೆ ಎಡವಿದರೆ ಇಂಗ್ಲೆಂಡ್ ಮರೆತುಬಿಡಿ ಎಂದು ಷೋ ನಡೆಸುವವನು ಹೇಳಿಯಾಗಿತ್ತು.

ಅಡಿಲೇಡ್‌ನಿಂದ ಅವರು ಮರಳಿದ ವಾರ ಗರಾಜಿನಲ್ಲಿ ಅವರ ಹಾಡು ಕೇಳುತ್ತ ಕೂತಿದ್ದಾಗ ನನಗರಿವಿಲ್ಲದೆ ನನ್ನ ಕೈ ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಸಿಸ್ಟರ್‌ಗಳು ಕಲಿಸಿದ ಪಿಯಾನೋ ಪೂರ್ತಿ ಮರೆತಿತ್ತು. ಅಜ್ಜಿ ಹೇಳಿಕೊಟ್ಟ ಆದಿತಾಳ ಮಾತ್ರ ಕೈಯಲ್ಲಿ ಉಳಿದಿತ್ತು. ಅವರು ನನ್ನ ಕೈಯನ್ನೇ ನೋಡುತ್ತ ಹಾಡತೊಡಗಿದರು. ಒಂದು ಕೂದಲೆಳೆಯೂ ಆಚೀಚೆಯಾಗಲಿಲ್ಲ.

ಮೂರು ವಾರ ಅಭ್ಯಾಸವಾಯಿತು. ಅವರದು ಒಂದೇ ಷರತ್ತು, ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ: "ಏನೇ ಎಡವಟ್ಟಾದರೂ ಕೈ ನಿಲ್ಲಿಸಿಬಿಡಿ, ನಾನೂ ನಿಲ್ಲಿಸುತ್ತೇನೆ. ಜನರ ಮುಂದೆ ಏನೂ ತಿಳಿಯದ ಪೆದ್ದನಾಗಲಾರೆ." ಪ್ರಾಮಿಸ್ ಎಂದೆ.

ಭಾನುವಾರ ಮಧ್ಯಾಹ್ನದ ಷೋ. ಕಪ್ಪು ಟೀ ಶರ್ಟುಗಳ ನಡುವೆ, ಮುಂದಿನ ಸಾಲಿನಲ್ಲಿ ನಾನೊಬ್ಬಳು ಸೀರೆಯವಳು. ಎರಡು ಹಾಡು ಸುಸೂತ್ರವಾದವು. ಮೂರನೆಯದರ ನಡುವೆ ಮೆಷಿನ್ ಪಕ್ಕನೆ ನಿಂತಿತು. ಅವರ ದನಿಯೊಂದೇ ಉಳಿಯಿತು. ಅವರಿಗೆ ಗೊತ್ತಿಲ್ಲ; ಕಣ್ಣು ನನ್ನ ಕೈಮೇಲೆ. ಹಿಂದೆ ಯಾರೋ ವೈರುಗಳ ನಡುವೆ ತೆವಳುತ್ತಿದ್ದರು. ಕೈ ನಿಲ್ಲಿಸಿದರೆ ಅವರ ಹುಟ್ಟೂರು ಅಲ್ಲಿಗೇ ಮುಗಿಯಿತು. ತಂತಿ ಹರಿಯಲಿ, ದೀಪ ಆರಲಿ, ಹಿಡಿದ ತಾಳ ಬಿಡಬಾರದು ಎನ್ನುತ್ತಿದ್ದಳು ಅಜ್ಜಿ. ಕಿರುಬೆರಳು, ಉಂಗುರದ ಬೆರಳು, ನಡುಬೆರಳು… ಮತ್ತೆ ಏಟು. ನಾನು ನಿಲ್ಲಿಸಲಿಲ್ಲ. ಅವರು ಕೊನೆಯವರೆಗೂ ಹಾಡಿದರು. ಯಾರೂ ಕೆಮ್ಮಲಿಲ್ಲ. ಮುಗಿದಾಗ ಸಭೆಯೆಲ್ಲ ಎದ್ದು ನಿಂತಿತು.

ಉಳಿದ ಹಾಡುಗಳ ಹೊತ್ತಿಗೆ ಮೆಷಿನ್ ಸರಿಹೋಗಿತ್ತು. ಷೋ ನಡೆಸುವವನು ಒಳಗೆ ಬಂದು ಅವರ ಬೆನ್ನು ತಟ್ಟಿದ. ಮೆಷಿನ್ ಆಫ್ ಮಾಡಿ ಹಾಡಿದ್ದು ಬ್ರಿಲಿಯಂಟ್, ಇಂಗ್ಲೆಂಡಿನಲ್ಲೂ ಹಾಗೇ ಮಾಡಿ ಎಂದ. ಅವರು ನಗುತ್ತಲೇ ಇದ್ದರು. ಅವನು ಹೋದ ಮೇಲೆ ನನ್ನ ಕಡೆ ತಿರುಗಿದರು.

"ಯಾವಾಗ ನಿಂತಿತು?"

"ಎರಡನೇ ಚರಣದಲ್ಲಿ. ಅಷ್ಟು ಚೆನ್ನಾಗಿ ಹಾಡ್ತಿದ್ರಿ… ನಿಲ್ಲಿಸೋಕೆ ಮನಸ್ಸು ಬರಲಿಲ್ಲ."

"ನಿಲ್ಲಿಸಬೇಕೋ ಬೇಡವೋ ಅನ್ನೋದು ನನಗೆ ಬಿಟ್ಟದ್ದಾಗಿತ್ತು."

ಕಾರಿನಲ್ಲಿ ಮಗಳು, "ನೀನು ಅವರನ್ನ ಸೇವ್ ಮಾಡ್ದೆ ಬಿಡಮ್ಮ" ಎಂದಳು.

ಮರುವಾರ ಅವರೇ ಷೋ ನಡೆಸುವವನಿಗೆ ನಿಜ ಹೇಳಿದರಂತೆ. ಇಂಗ್ಲೆಂಡಿನ ಷೋ ನಡೆಯಲಿಲ್ಲ. ಬೇಲಿಯೂ ನಡುಗಲಿಲ್ಲ. ಕೆಲವು ತಿಂಗಳಿಗೆ ಮನೆಯ ಮುಂದೆ ಮಾರಾಟದ ಬೋರ್ಡು ಬಂತು. ಈಗ ಅಲ್ಲಿ ಬೇರೆಯವರಿದ್ದಾರೆ. ಅವರು ಎಲ್ಲಿದ್ದಾರೋ, ಇದ್ದಾರೋ ಇಲ್ಲವೋ… ಕೇಳಲು ನನಗೆ ಯಾರೂ ಗೊತ್ತಿಲ್ಲ.

ಅವರನ್ನು ಕೊನೆಯ ಸಲ ಕಂಡದ್ದು, ಮನೆ ಮಾರಾಟವಾದ ವಾರ, ರೈಲ್ವೆ ಪ್ಲಾಟ್‌ಫಾರ್ಮಿನಲ್ಲಿ. ಎರಡು ಸೂಟ್‌ಕೇಸ್ ಇಟ್ಟುಕೊಂಡು ನನಗೆ ಬೆನ್ನು ಹಾಕಿ ನಿಂತಿದ್ದರು. ಹೆಸರು ಹಿಡಿದು ಕರೆದೆ. ಇನ್ನೊಮ್ಮೆ ಕರೆದೆ. ಉಳಿದವರೆಲ್ಲ ತಿರುಗಿ ನೋಡಿದರು. ನಾಲ್ಕು ಹೆಜ್ಜೆ ನಡೆದು ಎದುರಿಗೆ ನಿಂತಿದ್ದರೆ ಸಾಕಿತ್ತು. ರೈಲು ಬರಲು ಇನ್ನೂ ಆರು ನಿಮಿಷವಿತ್ತು. ನಾನು ನಡೆಯಲಿಲ್ಲ.