ಅಮೀನರು ಬಂದ ದಿನದ ಸ್ನಾನ

ಮೊನ್ನೆ ಸಂಜೆ ಕರೆಂಟು ಆಫೀಸಿನ ಲೈನ್‌ಮ್ಯಾನ್ ಬಂದು ನಮ್ಮ ಮನೆಯ ಫ್ಯೂಸು ಕಿತ್ತುಕೊಂಡು ಹೋದ. ನನ್ನ ಮಗ ಬಿಲ್ಲು ಕಟ್ಟಿರಲಿಲ್ಲ. ಹಣ ಇಲ್ಲದೆ ಅಲ್ಲ, ಪೆನ್ಶನ್ ಬರುತ್ತದೆ. ಬಿಲ್ಲಿನ ಮೇಲೆ ಅವನಿಗೆ ಏನೋ ಒಂದು ತಕರಾರು. "ನ್ಯಾಯ ಆಗುವವರೆಗೆ ಒಂದು ಪೈಸೆ ಕಟ್ಟುವುದಿಲ್ಲ" ಎಂದು ಅಂಗಳದಲ್ಲಿ ನಿಂತು ಅರ್ಧ ಗಂಟೆ ಮಾತಾಡಿದ. ನ್ಯಾಯ ಆಗಲಿಲ್ಲ, ಕತ್ತಲಾಯಿತು.

ಅಟ್ಟದಿಂದ ಹಳೆಯ ಚಿಮಿಣಿ ದೀಪ ಹುಡುಕಿ ತೆಗೆದು ಹೊತ್ತಿಸಿದೆ. ಚಿಮಿಣಿ ಎಣ್ಣೆಯ, ಪೇಟೆಯವರ ಸೀಮೆಎಣ್ಣೆಯ, ವಾಸನೆ ಬಂದರೆ ಕೆಲವರಿಗೆ ಹಳೆಯ ಕಾಲ ನೆನಪಾಗಿ ಕಣ್ಣಲ್ಲಿ ನೀರು ಬರುತ್ತದಂತೆ. ನನಗೂ ಬಂತು, ಹೊಗೆಗೆ. ನೆನಪಾದದ್ದು ನನ್ನ ಮಾವ, ಗಂಡನ ಅಪ್ಪ.

ನಾನು ಕಲಿತದ್ದು ಎರಡನೇ ಕ್ಲಾಸು. ಮಾವ ಅಷ್ಟೂ ಕಲಿಯಲಿಲ್ಲ, ಆದರೆ ಮಾತು ಕಲಿತಿದ್ದರು. ತಾಳಮದ್ದಳೆಯಲ್ಲಿ ಅರ್ಥ ಹೇಳುವವರು. ನಿಮಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ: ಅದರಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಒಂದು ಪದ ಹೇಳುತ್ತಾರೆ, ಉಳಿದವರು ಚಾಪೆಯಲ್ಲಿ ಕೂತು ನಾನು ರಾಜ, ನೀನು ದೂತ ಎಂದು ಬೆಳಗಿನವರೆಗೆ ವಾದ ಮಾಡುತ್ತಾರೆ. ಒಬ್ಬನಿಗೆ ಉತ್ತರ ಸಿಕ್ಕದೆ ಹೋದರೆ ಅವನು ಸೋತ ಹಾಗೆ. ನಮ್ಮ ಮಾವ ಸೋತದ್ದನ್ನು ಕಾರಡ್ಕದಿಂದ ಮಧೂರಿನವರೆಗೆ ಯಾರೂ ಕಂಡವರಿರಲಿಲ್ಲ. ಮನೆಯಲ್ಲಿ ನಾವೂ ಕಂಡಿರಲಿಲ್ಲ. ಅದೇ ನಮ್ಮ ಕಷ್ಟ.

ದೂರ ಹೋಗಿ ವಾದ ಮಾಡಿದರೆ ಯಾರಿಗೂ ತೊಂದರೆ ಇಲ್ಲ. ಅವರಿಗೆ ಅದು ಸಾಕಾಗಲಿಲ್ಲ. ಎಲ್ಲಿಂದಲೋ ಒಂದು ಗ್ಯಾಸ್‌ಲೈಟು ತಂದರು. ಗಾಳಿ ಹೊಡೆದು ಹೊತ್ತಿಸಿದರೆ ಬುಸ್ ಎಂದು ಹಾವಿನ ಹಾಗೆ ಸದ್ದು ಮಾಡಿ ಅಂಗಳವನ್ನೆಲ್ಲ ಹಗಲು ಮಾಡುವ ಜಾತಿಯದ್ದು. ಅದನ್ನು ಜಗಲಿಯ ಸೂರಿನ ಪಕ್ಕಾಸಿಗೆ ತೂಗುಹಾಕಿ ವಾರಕ್ಕೆ ನಾಲ್ಕು ರಾತ್ರಿ ನಮ್ಮಲ್ಲೇ ಕೂಟ. ಅದು ಎಣ್ಣೆ ಕುಡಿದ ಹಾಗೆ ನಮ್ಮ ಎಮ್ಮೆಯೂ ಅಕ್ಕಿ ತೊಳೆದ ಅಕ್ಕಚ್ಚು ಕುಡಿಯುತ್ತಿರಲಿಲ್ಲ. ನಾನು ಒಳಗೆ ಚಾಪೆಯ ಮೇಲೆ ಕಣ್ಣು ಮುಚ್ಚಿ ಮಲಗಿದರೆ ರೆಪ್ಪೆಯೊಳಗೂ ಬೆಳಕು. ಗೋಡೆಯಾಚೆ ಯುದ್ಧ ಬೇಕೋ ಸಂಧಿ ಬೇಕೋ ಎಂಬ ಚರ್ಚೆ. ನನಗೆ ನಿದ್ದೆ ಬೇಕಿತ್ತು, ಅದನ್ನು ಯಾರೂ ಕೇಳಲಿಲ್ಲ.

ಎಣ್ಣೆ ಬರುತ್ತಿದ್ದದ್ದು ಕೆಳಗಿನ ಮೋನು ಬ್ಯಾರಿಯ ಅಂಗಡಿಯಿಂದ, ಸಾಲಕ್ಕೆ. ಮೋನು ಬ್ಯಾರಿ ಪಾಪದವನು, ಸಾಧು. ಅವನೂ ಕೂಟಕ್ಕೆ ಬಂದು ಹಿಂದೆ ಕೂತು ಕೇಳುವವನೇ. ಎದುರು ಕೂತು ಅಷ್ಟು ಚೆಂದ ಮಾತಾಡುವವರ ಹತ್ತಿರ ಬೆಳಿಗ್ಗೆ ಹೋಗಿ ಬಾಕಿ ಕೇಳುವುದು ಹೇಗೆ? ಕೇಳಿದರೂ ಮಾವ ಉತ್ತರ ಕೊಡುತ್ತಿದ್ದರು, ಹಣ ಕೊಡುತ್ತಿರಲಿಲ್ಲ. ಕಡೆಗೆ ಅವನ ಭಾವನೊಬ್ಬ ಹೇಳಿಕೊಟ್ಟದ್ದಕ್ಕೆ ಬ್ಯಾರಿ ಕೋರ್ಟಿಗೆ ಹಾಕಿದ. ಮಾವ ಕೋರ್ಟಿಗೆ ಹೋಗಲಿಲ್ಲ. ಅಲ್ಲಿ ಮಾತಾಡಲು ವಕೀಲರಿಗೆ ಮಾತ್ರ ಬಿಡುತ್ತಾರೆ ಎಂದು ಯಾರೋ ಹೇಳಿದ್ದರು, ಅದಕ್ಕೆ ಅವರಿಗೆ ಬೇಸರ. ತೀರ್ಪು ಬ್ಯಾರಿಯ ಕಡೆಗಾಯಿತು.

ಇದೆಲ್ಲ ನಮ್ಮ ಊರು ಇನ್ನೂ ಮದ್ರಾಸಿಗೆ ಸೇರಿದ್ದ ಕಾಲದ್ದು. ನನ್ನವರು ಬೊಂಬಾಯಿಯಲ್ಲಿ ಹೋಟೆಲು ಕೆಲಸಕ್ಕೆ ಇದ್ದರು. ನಾನು ಹೆತ್ತು ಹೆಚ್ಚು ದಿನ ಆಗಿರಲಿಲ್ಲ. ಹೆರಿಗೆಗೆ ತಾಯಿ ಮನೆಗೆ ಹೋಗಬೇಕಿತ್ತು, ಆದರೆ ಅಲ್ಲಿ ಅತ್ತಿಗೆಯೂ ಅದೇ ತಿಂಗಳಿಗೆ ಹೊಂದಿಸಿಕೊಂಡಿದ್ದಳು. ಹಾಗಾಗಿ ನನ್ನ ಬಾಣಂತನ ಅತ್ತೆಯ ಕೈಯಲ್ಲಿ. ದಿನಾ ಬೆಳಿಗ್ಗೆ ಮೈಗೆಲ್ಲ ಎಣ್ಣೆ ತಿಕ್ಕಿ, ಬಚ್ಚಲಿನ ದೊಡ್ಡ ತಾಮ್ರದ ಹಂಡೆಯ ಕುದಿಯುವ ನೀರನ್ನು ಹದ ಮಾಡಿ, ಚೊಂಬಿನಲ್ಲಿ ದಬದಬ ಹೊಯ್ಯುವರು. ಆ ಹಂಡೆ ಅತ್ತೆಗೆ ಅವರ ತಾಯಿ ಕೊಟ್ಟದ್ದು. ಮನೆಯಲ್ಲಿ ಬೆಲೆಬಾಳುವ ವಸ್ತು ಎಂದರೆ ಅದೊಂದೇ. ಅದು ಹೋದರೆ ನನ್ನ ಬಾಣಂತನವೂ ಹೋಯಿತು. ಆಗ ಬಿಸಿನೀರಿಗೆ ಬೇರೆ ದಾರಿ ಇರಲಿಲ್ಲ, ಅನ್ನದ ಪಾತ್ರೆಯಲ್ಲಿ ಕಾಯಿಸಿ ಮಿಂದವಳಿಗೆ ಅನ್ನ ಬೇಯಿಸುವುದು ಎಲ್ಲಿ?

ಆ ದಿನ ನಾನು ಎಣ್ಣೆ ಹಚ್ಚಿಕೊಂಡು ಬಚ್ಚಲಿನ ಮಣೆಯ ಮೇಲೆ ಕೂತಾಗ ನಾಯಿ ಬೊಗಳಿತು. ಅತ್ತೆ ತಟ್ಟಿಯ ಸಂದಿನಲ್ಲಿ ನೋಡಿದರು. ಕಪ್ಪು ಕೋಟು, ಕೊಡೆ, ಕಂಕುಳಲ್ಲಿ ಕಾಗದದ ಕಟ್ಟು. ಹಿಂದೆ ಮೋನು ಬ್ಯಾರಿ, ಮುಖ ತೋರಿಸಲಾರದೆ ಬಾಳೆಯ ಬುಡವನ್ನು ನೋಡುತ್ತಾ. ಅವರ ಹಿಂದೆ ಹೊರೆ ಹೊರುವ ಇಬ್ಬರು.

"ರೈಗಳೇ, ಕೋರ್ಟಿನ ಅಮೀನ ನಾನು. ಜಪ್ತಿಗೆ ಬಂದದ್ದು" ಎಂದರು ಕೋಟಿನವರು. "ಗ್ಯಾಸ್‌ಲೈಟು ಒಂದು, ತಾಮ್ರದ ಹಂಡೆ ಒಂದು."

"ಗ್ಯಾಸ್‌ಲೈಟು ಮದುವೆಗೆ ಎರವಲು ಹೋಗಿದೆ" ಎಂದರು ಮಾವ, ಕಣ್ಣು ಮಿಟುಕಿಸದೆ. ಅದು ದನದ ಹಟ್ಟಿಯ ಅಟ್ಟದಲ್ಲಿ ಬೈಹುಲ್ಲಿನೊಳಗೆ ಇತ್ತು. ಹಿಂದಿನ ದಿನ ಅವರೇ ಹಸುಗೂಸಿನ ಹಾಗೆ ಎತ್ತಿಕೊಂಡು ಹೋಗಿ ಮಲಗಿಸಿದ್ದರು. ಹಂಡೆಯನ್ನು ಅಡಗಿಸಬೇಕೆಂದು ಅವರಿಗೆ ತೋರಲಿಲ್ಲ ನೋಡಿ.

"ಹಾಗಾದರೆ ಹಂಡೆ ತೋರಿಸಿ."

ಅತ್ತೆ ಒಳಗಿನಿಂದಲೇ ಕೂಗಿದರು. "ಇಲ್ಲಿ ಬಾಣಂತಿ ಮೀಯುತ್ತಿದ್ದಾಳೆ! ಯಾರೂ ಈ ಕಡೆ ಬರಬೇಡಿ!"

ಅಮೀನರು ನಾಲ್ಕು ಹೆಜ್ಜೆ ಹಿಂದೆ ಸರಿದರು. "ಆಗಲಿ ಅಕ್ಕ, ಆಗಲಿ. ಹೆಂಗಸರಿಗೆ ಹೊತ್ತು ಕೊಡಬೇಕೆಂದು ಕಾನೂನಿನಲ್ಲೇ ಉಂಟು. ಮಿಂದಾಗಲಿ, ನಾವು ಕಾಯುತ್ತೇವೆ."

ಅತ್ತೆ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ನಮ್ಮಿಬ್ಬರಿಗೆ ಅಷ್ಟು ಒಮ್ಮತ ಆದದ್ದು ಅದೇ ಮೊದಲು. "ಹಾಗಾದರೆ ಮಿಂದು ಮುಗಿಯುವುದು ಬೇಡ" ಎಂದರು ಪಿಸುಮಾತಿನಲ್ಲಿ.

ನೀವು ಯಾವತ್ತಾದರೂ ಇಡೀ ದಿನ ಮಿಂದದ್ದುಂಟಾ? ಮೊದಲ ಸಲದ್ದು ನಿಜವಾದ ಸ್ನಾನ. ಮತ್ತಿನದ್ದೆಲ್ಲ ಬರೀ ಸದ್ದು. ನಾನು ಒಣ ಸೀರೆ ಸುತ್ತಿಕೊಂಡು ಮಣೆಯ ಮೇಲೆ ಕೂತು ಆಗಾಗ ಒಂದು ತೆಂಗಿನ ಗೆರಟೆ ನೀರನ್ನು ಕಲ್ಲಿನ ಮೇಲೆ ಚೆಲ್ಲುವುದು. ಮಗು ಮೂಲೆಯಲ್ಲಿ ಅಕ್ಕಿ ಕೇರುವ ಗೆರಸೆಯೊಳಗೆ. ಅತ್ತೆ ಒಲೆಗೆ ಸೋಗೆ ತುರುಕುತ್ತಾ, ಬಾವಿಯಿಂದ ನೀರು ತಂದು ತುಂಬುತ್ತಾ, ಹಂಡೆ ಕುದಿಯುತ್ತಲೇ ಇರುವ ಹಾಗೆ ನೋಡಿಕೊಂಡರು. ಕುದಿಯುವ ಹಂಡೆಯನ್ನು ಹೊರೆಯವರು ಎತ್ತುವುದು ಹೇಗೆ ಎಂಬುದು ಅವರ ಎರಡನೆಯ ಕೋಟೆ.

ಸ್ವಲ್ಪ ಹೊತ್ತಿಗೆ ಅಮೀನರ ಸ್ವರ. "ಮಿಂದಾಯಿತಾ ಅಕ್ಕ?"

"ಇನ್ನು ಮಂಡೆಗೆ ಹೊಯ್ಯಲಿಲ್ಲ!"

ಮಧ್ಯಾಹ್ನ ಪುನಃ. "ನಾನೂ ಮಕ್ಕಳ ಅಪ್ಪ, ಅಕ್ಕ. ಇಷ್ಟು ಮೀಯುವ ಬಾಣಂತಿಯನ್ನು ಕಂಡಿಲ್ಲ."

"ನೀವು ಕಾಣುವುದು ಹೇಗೆ? ನಿಮ್ಮ ಹೆಂಡತಿ ಮೀಯುವಾಗ ನೀವು ಯಾರದ್ದೋ ಮನೆಯ ಹಂಡೆ ಹೊರಿಸಿಕೊಂಡು ಹೋಗುತ್ತಿದ್ದಿರಿ!"

ಹೊರೆಯವರು ನಕ್ಕದ್ದು ನನಗೆ ಕೇಳಿತು. ಮಾವ ಅಮೀನರಿಗೆ ಬೆಲ್ಲ ನೀರು ಕೊಟ್ಟು, ಎಲೆಯಡಿಕೆಯ ಹರಿವಾಣ ಮುಂದೆ ತಳ್ಳಿ, ಒಂದು ಸಲ ಕೆಮ್ಮಿದರು. ಆ ಕೆಮ್ಮು ನನಗೆ ಗೊತ್ತಿತ್ತು. ಪದ ಮುಗಿದು ಅರ್ಥ ಶುರುವಾಗುವ ಕೆಮ್ಮು.

"ಎಲೈ ದೂತನೇ!" ಎಂದರು. "ದೂರದಿಂದ ಬಂದಿರುವೆ. ನಮ್ಮ ಅರಮನೆಯಲ್ಲಿ ಯಾವುದನ್ನು ಅಪೇಕ್ಷಿಸಿ ಬಂದೆ?"

ಅಮೀನರು ಎಂತ ಹೇಳುತ್ತಾರೆಂದು ನಾನು ಗೆರಟೆ ಹಿಡಿದುಕೊಂಡೇ ಕಿವಿಕೊಟ್ಟೆ. ಮೊದಲು ಎಲೆಯಡಿಕೆ ಉಗಿದ ಸದ್ದು. ಆಮೇಲೆ ಬೇರೆಯೇ ಒಂದು ಸ್ವರ, ಗಂಟಲಿನ ಅಡಿಯಿಂದ. "ಮಹಾರಾಜಾ, ದೂತನಿಗೆ ತನ್ನದೆಂಬ ಅಪೇಕ್ಷೆ ಇಲ್ಲ. ಕಳುಹಿಸಿದವರ ಮಾತನ್ನು ಅರುಹುವುದಷ್ಟೇ ಅವನ ಧರ್ಮ."

ಅಯ್ಯೋ ದೇವರೇ, ಅವರೂ ಅದೇ ಜಾತಿ! ಅತ್ತೆ ಹಣೆ ಬಡಿದುಕೊಂಡರು.

ಮತ್ತೆ ಜಪ್ತಿ ಇಲ್ಲ, ಕೋರ್ಟಿಲ್ಲ. ರಾಜ ಹೇಳಿದ್ದು ಹೀಗೆ. ಎಣ್ಣೆ ಉರಿಯಿತು, ಒಪ್ಪಿದೆ. ಉರಿದ ಎಣ್ಣೆ ಬೆಳಕಾಯಿತು. ಆ ಬೆಳಕು ರಾಜನೊಬ್ಬನ ಮೇಲೆ ಬಿದ್ದದ್ದಾ? ಕೂತವರೆಲ್ಲರ ಮೇಲೂ ಬಿತ್ತು. ಇಗೋ, ಈ ವರ್ತಕನ ಮೇಲೂ ಬಿತ್ತು. ಹಾಗಾದರೆ ಸಾಲದಲ್ಲಿ ಅವನ ಪಾಲು ಎಲ್ಲಿ?

"ನಾನು ಹಿಂದೆ ಕೂತದ್ದು ಮಾರಾಯ್ರೆ!" ಎಂದ ಮೋನು ಬ್ಯಾರಿ. "ಕಂಬದ ನೆರಳಲ್ಲಿ!"

"ವರ್ತಕ ಸುಮ್ಮನಿರಲಿ" ಎಂದರು ಅಮೀನರು, ಅವನ ಕಡೆಯಿಂದಲೇ ಬಂದವರು.

ನಿಮಗೆ ಹೇಳಲು ನಾಚಿಕೆ ಎಂತದ್ದು, ನನಗೂ ರಸ ಹತ್ತಿತು. ಅಷ್ಟು ವರ್ಷ ನಿದ್ದೆ ಕೆಡಿಸಿದ ಮಾತು ಎಂದು ಬೈದವಳು, ನೀರು ಚೆಲ್ಲುವುದನ್ನು ಮರೆತು ಕೇಳುತ್ತಾ ಕೂತೆ. ಅತ್ತೆ ಗೆರಟೆ ಕಿತ್ತುಕೊಂಡು ಅವರೇ ಚೆಲ್ಲಿದರು. ನೀರಿನಲ್ಲಿ ನೆನೆದು ನನ್ನ ಬೆರಳೆಲ್ಲ ಒಣಗಿದ ಹಾಗಲಕಾಯಿಯ ಹಾಗೆ ಆಗಿತ್ತು.

ಬಿಸಿಲು ಇಳಿಯಿತು. ಅಮೀನರು ಪಟ್ಟು ಹಾಕಿದರು. "ಪ್ರಭೂ, ಬೆಳಕು ಬಿದ್ದವರೆಲ್ಲ ಸಾಲಗಾರರು ಎಂದಿರಿ. ಆಗಲಿ. ಆ ಬೆಳಕಿನಲ್ಲಿ ಕಣ್ಣು ಮುಚ್ಚಿ ಮಲಗಿದ್ದವನೊಬ್ಬನಿದ್ದ. ಅವನಿಗೆ ಬೆಳಕು ಬೇಡವಿತ್ತು. ಅವನ ಪಾಲನ್ನು ಯಾರು ಕೊಡಬೇಕು?"

ಅದು ನಾನೇ ಅಲ್ಲವಾ! ಇಡೀ ಊರಿನಲ್ಲಿ ನನ್ನ ಪರವಾಗಿ ಯಾರಾದರೂ ಕೇಳಿದ್ದರೆ ಅದು ನನ್ನ ಹಂಡೆ ಹೊರಲು ಬಂದವರು.

ಮಾವ ಬಾಯಿ ತೆರೆಯಬೇಕು ಎನ್ನುವಷ್ಟರಲ್ಲಿ ಅತ್ತೆ ಹೊರಗೆ ಬಂದು ಪಡುವಣಕ್ಕೆ ಕೈ ತೋರಿಸಿದರು. "ಸೂರ್ಯ ಮುಳುಗಿದ. ಕತ್ತಲಾದ ಮೇಲೆ ಜಪ್ತಿಗೆ ಒಳಗೆ ಕಾಲಿಡಲಿಕ್ಕಿಲ್ಲ ಅಲ್ಲವಾ? ಬೆಳಕಿಗೆ ಒಣಗರಿಯ ಒಂದು ಸೂಟೆ ಕಟ್ಟಿಕೊಡುತ್ತೇನೆ, ಹೊಳೆ ದಾಟಿಕೊಳ್ಳಿ."

ಅಮೀನರು ಆಕಾಶ ನೋಡಿದರು. ಕಾಗದದ ಕಟ್ಟು ನೋಡಿದರು. "ಹೌದಕ್ಕ, ಕಾನೂನು ಮುಗಿಯಿತು. ಆದರೆ ಉತ್ತರ ಕೇಳದೆ ಹೋದರೆ ನನಗೆ ನಿದ್ದೆ ಬರಲಿಕ್ಕಿಲ್ಲ."

"ಎಣ್ಣೆ ಇಲ್ಲ ಮನೆಯಲ್ಲಿ" ಎಂದರು ಅತ್ತೆ. "ಎಣ್ಣೆ ಇದ್ದಿದ್ದರೆ ನೀವು ಬರಲಿಕ್ಕಿತ್ತಾ?"

ಆಗ ಮೋನು ಬ್ಯಾರಿ ಮಾಡಿದ್ದನ್ನು ಕೇಳಿ. ಲುಂಗಿ ಎತ್ತಿ ಕಟ್ಟಿ ಗುಡ್ಡ ಇಳಿದು ಓಡಿದ. ತನ್ನ ಅಂಗಡಿಯಿಂದ ಎರಡು ಬಾಟ್ಲಿ ಚಿಮಿಣಿ ಎಣ್ಣೆ ಹಿಡಿದುಕೊಂಡು ಏದುಸಿರು ಬಿಡುತ್ತಾ ಬಂದ. "ಇದನ್ನು ಬಾಕಿಗೆ ಸೇರಿಸುತ್ತೇನೆ ರೈಗಳೇ" ಎಂದ. "ಈಗ ಉತ್ತರ ಹೇಳಿ."

ಎಣ್ಣೆ ಕಂಡದ್ದೇ ತಡ, ಮಾವನಿಗೆ ಮೈಮೇಲೆ ಎಚ್ಚರ ಇಲ್ಲ. ದಡದಡ ಹಟ್ಟಿಗೆ ಹೋದರು, ಬೈಹುಲ್ಲು ತಲೆಯ ಮೇಲೆಲ್ಲ ಅಂಟಿಸಿಕೊಂಡು ಬಂದರು. ಕೈಯಲ್ಲಿ ಗ್ಯಾಸ್‌ಲೈಟು. ಜಗಲಿಯಲ್ಲಿ ಕುಕ್ಕರಗಾಲಿನಲ್ಲಿ ಕೂತು ಗಾಳಿ ಹೊಡೆದೇ ಹೊಡೆದರು. ಬುಸ್ ಎಂದು ಬೆಳಕು ಎದ್ದಿತು. ಆ ಬೆಳಕಿನಲ್ಲಿ ಎಲ್ಲರೂ ಎಲ್ಲರ ಮುಖ ನೋಡಿದರು.

"ಇದು ಮದುವೆಗೆ ಹೋದದ್ದಲ್ಲವಾ?" ಎಂದ ಮೋನು ಬ್ಯಾರಿ.

"ಸೂರ್ಯ ಮುಳುಗಿದ ಮೇಲೆ ನನಗೆ ಏನೂ ಕಾಣುವುದಿಲ್ಲ" ಎಂದರು ಅಮೀನರು. "ಹೇಳಿ ಮಹಾರಾಜಾ."

ಮಾವ ಎಂತ ಉತ್ತರ ಹೇಳಿದರೋ, ನನಗೆ ಗೊತ್ತಿಲ್ಲ. ಹಗಲಿಡೀ ಮಿಂದವಳಿಗೆ ಚಾಪೆ ಕಂಡದ್ದೇ ನಿದ್ದೆ. ಆ ಮನೆಯಲ್ಲಿ ಗ್ಯಾಸ್‌ಲೈಟು ಉರಿಯುವಾಗ ನಾನು ನಿದ್ದೆ ಮಾಡಿದ್ದು ಅದೊಂದೇ ರಾತ್ರಿ, ಕೇಳಬೇಕಾದದ್ದೂ ಅದೊಂದೇ ರಾತ್ರಿ.

ಬೆಳಿಗ್ಗೆ ಎದ್ದರೆ ಅಮೀನರು ನಮ್ಮ ಜಗಲಿಯಲ್ಲೇ. ಅತ್ತೆ ಅವರಿಗೂ ಹಂಡೆಯಿಂದಲೇ ಬಿಸಿನೀರು ಕೊಟ್ಟಿದ್ದರು. ಮಿಂದು ಬಂದು ಕೋಟು ಹಾಕಿಕೊಂಡರು. ಸೂರ್ಯ ಗುಡ್ಡದ ಮೇಲೆ ಬಂದ. ಅವರ ಮುಖವೂ ಪುನಃ ಅಮೀನರದ್ದಾಯಿತು. "ರೈಗಳೇ, ತಪ್ಪು ತಿಳಿಯಬೇಡಿ. ಹಂಡೆ..."

ಅತ್ತೆ ಒಂದು ಕುರ್ಚಿ ಹತ್ತಿ ಪಕ್ಕಾಸಿನಿಂದ ಗ್ಯಾಸ್‌ಲೈಟು ಬಿಡಿಸಿ, ತಂದು ಅಮೀನರ ಕಾಲ ಬುಡದಲ್ಲಿ ಇಟ್ಟರು.

"ಎಣ್ಣೆ ಕುಡಿದದ್ದು ಇದು. ಹಂಡೆ ಒಂದು ತೊಟ್ಟೂ ಕುಡಿಯಲಿಲ್ಲ. ಕುಡಿದವರನ್ನು ಹಿಡಿದುಕೊಂಡು ಹೋಗಿ."

ಅಮೀನರು ಮಾವನ ಕಡೆ ನೋಡಿದರು. ಮೋನು ಬ್ಯಾರಿ ನೋಡಿದ. ನಾನು ಬಾಗಿಲ ಮರೆಯಿಂದ ನೋಡಿದೆ. ಮಾವ ಒಂದು ಸಲ ಕೆಮ್ಮಿದರು. ಇನ್ನೊಂದು ಸಲ ಕೆಮ್ಮಿದರು. ಅರ್ಥ ಬರಲಿಲ್ಲ.

"ಭಲೇ!" ಎಂದರು ಅಮೀನರು, ಅತ್ತೆಗೆ ಕೈ ಮುಗಿದು. ಕಾಗದ ಬಿಡಿಸಿ ಪಟ್ಟಿಯಲ್ಲಿ ಹಂಡೆಯ ಹೆಸರಿಗೆ ಗೀಟು ಎಳೆದರು.

ಗ್ಯಾಸ್‌ಲೈಟು ಕಡೆಗೆ ಮೋನು ಬ್ಯಾರಿಗೇ ಆಯಿತು, ಬಾಕಿ ಅದರಲ್ಲಿ ಸರಿಹೋಯಿತು. ಅವನು ಅದನ್ನು ಅಂಗಡಿಯ ಎದುರು ತೂಗುಹಾಕಿದ. ಬೆಳಕು ಕಂಡಲ್ಲಿಗೆ ಹುಳ ಬರುವ ಹಾಗೆ ಮಾವನೂ ಕೂಟದವರೂ ಅಲ್ಲಿಗೇ ಇಳಿದರು. ಮತ್ತೆ ಉರಿದದ್ದೆಲ್ಲ ಅವನದೇ ಎಣ್ಣೆ, ಯಾರ ಲೆಕ್ಕಕ್ಕೂ ಬರೆಯುವ ಹಾಗಿಲ್ಲ. ಅಮೀನರೂ ರಜೆ ಇದ್ದಾಗ ಬರುತ್ತಿದ್ದರಂತೆ. ನಮ್ಮ ಮನೆಯಲ್ಲಿ ಕತ್ತಲು, ಬಿಸಿನೀರು, ನಿದ್ದೆ. ಅಷ್ಟು ಸುಖದ ಬಾಣಂತನ ನನ್ನ ಅತ್ತಿಗೆಗೂ ಆಗಲಿಲ್ಲ.

ಗೆರಸೆಯಲ್ಲಿ ಮಲಗಿದ್ದ ಆ ಮಗುವೇ ಈಗ ಫ್ಯೂಸು ಕಳೆದುಕೊಂಡವನು. ಮಾವನ ಮೂಗು ಬರಲಿಲ್ಲ, ಬಣ್ಣ ಬರಲಿಲ್ಲ, ಬಾಯಿ ಬಂತು.

ನಿನ್ನೆ ಸೊಸೆ ಬೈದು ಬಿಲ್ಲು ಕಟ್ಟಿಸಿದಳು. ಇವತ್ತು ಮುಸ್ಸಂಜೆಗೆ ಲೈನ್‌ಮ್ಯಾನ್ ಫ್ಯೂಸು ಹಿಡಿದುಕೊಂಡು ಬಂದ. "ಅಜ್ಜೀ, ಸ್ವಲ್ಪ ಬೆಳಕು ತೋರಿಸಿ" ಎಂದ. ನಾನು ಚಿಮಿಣಿ ದೀಪ ಎತ್ತಿ ಹಿಡಿದೆ. ಮಗ ಒಂದು ಸಲ ಕೆಮ್ಮಿದ.

"ಕಟ್ಟಿದ್ದು ಬೇರೆ, ನ್ಯಾಯ ಬೇರೆ" ಎಂದ. "ಮಗಳ ಬಾಣಂತನಕ್ಕೆಂದು ಎರಡು ತಿಂಗಳು ನಾವು ಮಂಗಳೂರಿನಲ್ಲಿ. ಮನೆಗೆ ಬೀಗ. ಒಂದು ಬಲ್ಬು ಉರಿಯಲಿಲ್ಲ. ನಮಗೆ ಬೇಡದ ಬೆಳಕಿಗೆ ನಾವು ಯಾಕೆ ಕೊಡಬೇಕು?"

ಓಹೋ, ಅವನ ತಕರಾರು ಇದಾ! ಆವತ್ತು ಅಮೀನರು ಕೇಳಿದ್ದೂ ಇದನ್ನೇ.

ಲೈನ್‌ಮ್ಯಾನ್ ಹಾಕಲು ಹೊರಟ ಫ್ಯೂಸನ್ನು ಕೈಯಲ್ಲೇ ಇಟ್ಟುಕೊಂಡು ತಿರುಗಿದ. "ಅದು ಹಾಗಲ್ಲ ಸಾರ್. ನೀವು ಇಲ್ಲದಾಗಲೂ ಲೈನು ನಿಮ್ಮ ಬಾಗಿಲಲ್ಲಿ ಬಂದು ಕಾದು ನಿಂತದ್ದು ಹೌದಾ, ಅಲ್ಲವಾ?"

ನಾನು ದೀಪ ಊದಿದೆ.

"ಅಮ್ಮಾ, ದೀಪ!" ಎಂದ ಮಗ ಕತ್ತಲಲ್ಲಿ.

"ಫ್ಯೂಸು ಆಮೇಲೆ ಹಾಕಬಹುದು. ಮಾತಿಗೆ ಎಣ್ಣೆ ಯಾಕೆ? ಮೊದಲು ಅವನಿಗೆ ಉತ್ತರ ಹೇಳು" ಎಂದು ಮೆಟ್ಟಿಲ ಮೇಲೆ ಕೂತೆ. ಕಣ್ಣು ಮುಚ್ಚಿಕೊಂಡೆ. ಈ ಸಲ ನಿದ್ದೆ ಮಾಡಲಿಲ್ಲ.